ಒಲೆಯ ಮುಂದೆ ನಿಂತು ತಿನ್ನುವ ಮಂಡಕ್ಕಿ

ನೆನೆಹಾಕಿದ ಮಂಡಕ್ಕಿ ಹಿಂಡುತ್ತಿದ್ದ ವಾಣಿಶ್ರೀಯ ಕೈ ನಿಂತಿತು. ಒಳಕೋಣೆಯಲ್ಲಿ ಗಂಡ ಕೊಟ್ರೇಶ ತನ್ನ ಯೂಟ್ಯೂಬ್ ಚಾನೆಲ್ಲಿಗಾಗಿ ವಿಡಿಯೊ ಗೇಮುಗಳ ಗುಣದೋಷ ಹೇಳುತ್ತಿದ್ದ. "ಟಿವಿಗೆ ಹಚ್ಚೋ ಕನ್ಸೋಲು ಪಂಕ್ತಿ ಊಟ ಇದ್ದಂಗೆ, ಕುಂತೇ ಉಣ್ಬೇಕು. ಕೈಯಾಗ ಹಿಡಿಯೋ ಗೇಮು ಮಂಡಕ್ಕಿ ಇದ್ದಂಗೆ, ಒಲಿ ಮುಂದ ನಿಂತೂ ಮುಕ್ಕಬಹುದು. ಇದು ನನ್ನ ಸ್ವಂತ ಅನುಭವ ನೋಡ್ರಿ."

ಆ ಮನುಷ್ಯ ಒಲೆಯ ಮುಂದೆ ನಿಂತವನೇ ಅಲ್ಲ. ಹರಿಹರದ ಈ ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತ, ಅವನ ವಿಡಿಯೊಗಳಿಗಾಗಿ ಕೈಯಲ್ಲಿ ಹಿಡಿಯುವ ಗೇಮುಗಳನ್ನೆಲ್ಲ ಆಡಿ ನೋಡಿದವಳು ಅವಳು. ನಿನ್ನೆ ಅದೇ ಮಾತು ಅವಳು ಹೇಳಿದಾಗ, "ನಿನಗ ಎಲ್ಲಾದ್ರಾಗೂ ತಿನ್ನೋದೇ ಕಾಣ್ತೈತೆ" ಎಂದು ನಕ್ಕಿದ್ದ.

ವಿಡಿಯೊ ಮುಗಿಸಿ ಬಂದ ಕೊಟ್ರೇಶ ಬುಟ್ಟಿಯಿಂದ ಒಂದು ಹಿಡಿ ಒಣ ಮಂಡಕ್ಕಿ ಬಾಯಿಗೆ ಹಾಕಿಕೊಂಡ. "ದಾವಣಗೆರೆ ಅಂಗಡಿಯವ್ರು ಕೈಯಾಗ ಹಿಡಿಯೋ ಹೊಸಾ ಗೇಮು ಕೊಟ್ಟಾರಲ್ಲ, ಆಡಿದೇನು? ನಾಳೆ ಅದ್ರದೇ ವಿಡಿಯೊ. ಕೊರತೆ ಏನರ ಐತೇನು?"

ಇತ್ತು. ಯಂತ್ರ ಸ್ವಲ್ಪ ಬಿಸಿಯಾದರೆ ಸಾಕು, ಗೊಂಬೆಯನ್ನು ನಡೆಸುವ ಎಡಗಡೆಯ ಸ್ಟಿಕ್ಕು ಕೈಬಿಟ್ಟರೂ ತಾನೇ ವಾಲಿ, ಅದನ್ನು ಆಟದೊಳಗಿನ ಹೊಂಡಕ್ಕೆ ಕೆಡವುತ್ತಿತ್ತು. ವಾಣಿಶ್ರೀ ಕೈಯಲ್ಲಿದ್ದ ಮಂಡಕ್ಕಿಯನ್ನು ನೀರೆಲ್ಲ ಸೋರಿಹೋಗುವವರೆಗೂ ಹಿಂಡಿ ಬಾಣಲೆಗೆ ಹಾಕಿದಳು.

"ಏನೂ ಇಲ್ರಿ," ಎಂದಳು. "ಭಾಳ ಚಲೋ ಐತೆ."