ತೊಟ್ಟಿಲ ಕೊಕ್ಕೆಯ ಕೋಣೆ

ಕೇಳಿದ್ದನ್ನೆಲ್ಲ ಗೋಡೆಗಳು ತಿರುಗಿ ಆಡತೊಡಗಿದ ಮೇಲೆ, ಮನೆಯಲ್ಲೇ ಕೂತು ಕೆಲಸ ಮಾಡುವವರಿಗೆ ಸುಮ್ಮನಿರುವ ಕೋಣೆ ಸಿಗುವುದೇ ಕಷ್ಟವಾಯಿತು. ಹುಬ್ಬಳ್ಳಿಯ ನೀಲಗಂಗಾ ತನ್ನ ಮೇಜು ಹಾಕಿಸಲು ಗೋಡೆಗಳಿಗೆ ಕಿವಿಗೊಟ್ಟು ಸದ್ದಿಲ್ಲದ ಕೋಣೆ ಹುಡುಕಿಕೊಡುವ ಫಕೀರಪ್ಪನನ್ನು ಕರೆಸಿದಳು. ಅಡುಗೆಮನೆಯ ಗೋಡೆಯಲ್ಲಿ ತೀರಿಹೋದ ಅತ್ತೆಯ ಬೈಗುಳ, ಪಡಸಾಲೆಯಲ್ಲಿ ಸೀಮಂತದ ಹಾಡು. ಬೀಗ ತೆಗೆಸಿ ಕೊನೆಯ ಕೋಣೆಗೆ ಹೋದವನು ಬಹಳ ಹೊತ್ತು ಕಿವಿಗೊಟ್ಟು, ಹೊರಗೆ ಬಂದು ಬಾಗಿಲೆಳೆದ ಮೇಲೆಯೇ ಮಾತಾಡಿದ.

"ಅಕ್ಕಾರ, ಕೊಕ್ಕಿ ಬಡದ ಸಪ್ಪಳ ಬಿಟ್ರ ಒಳಗೇನೂ ಇಲ್ರೀ. ಯಾರೂ ಇದ್ದೇ ಇಲ್ಲೇನು?"

"ಕೂಸು ಬರೋದಿತ್ತು. ದವಾಖಾನಿಯಿಂದ ಮನಿಗೆ ಬರಲೇ ಇಲ್ಲ."

ಫಕೀರಪ್ಪ ಮತ್ತೆ ಒಳಗೆ ಹೋಗಿ ತಲೆಯೆತ್ತಿ ತೊಟ್ಟಿಲ ಕೊಕ್ಕೆ ನೋಡಿದ. ಮೇಜನ್ನು ಅದರ ಕೆಳಗಿಟ್ಟು ಹೋದ.

ಕುರ್ಚಿಯಲ್ಲಿ ಕೂತೊಡನೆ ಅವಳಿಗೆ ಅಳು ಒತ್ತರಿಸಿ ಬಂತು. ಈ ಗೋಡೆ ಕಲಿಯುವ ಮೊದಲ ದನಿ ಅದಾಗಬಾರದೆಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಓಡಿದಳು. ಅತ್ತೆಯ ಬೈಗುಳಗಳ ನಡುವೆ ನಿಂತು ಬಾಯಿಬಿಟ್ಟು ಅತ್ತಳು.