ಎಡೆಗೆ ಬಾರದ್ದು

ಬಾಲ್ಕನಿಯ ಹಳೇ ಬಕೆಟ್ಟಿನಲ್ಲಿ ಟೊಮೆಟೊ ಸಸಿ ನೆಟ್ಟಿದ್ದ ಗಂಡ, ಅದು ಹೂ ಬಿಡುವ ಮುಂಚೆಯೇ ಹೋಗಿಬಿಟ್ಟ. ಅವನ ಮಾಸಿಕ ಶ್ರಾದ್ಧದ ಬೆಳಿಗ್ಗೆ ಮೊದಲ ಹಣ್ಣು ಕೆಂಪಾಗಿತ್ತು.

“ಅತ್ತೆ, ಎಡೆಗೆ ಇದೊಂದನ್ನ ಇಡೋಣ್ವಾ? ಅವ್ರೇ ನೆಟ್ಟಿದ್ದು.”

“ಶ್ರಾದ್ಧಕ್ಕೆ ಟೊಮೆಟೊ ಬರುತ್ತೇನೇ? ಹಾಗಲಕಾಯಿ ಹೆಚ್ಚು.”

“ಹಾಗಲಕಾಯಿ ಕಂಡ್ರೆ ತಟ್ಟೆ ಬಿಟ್ಟು ಎದ್ದುಹೋಗ್ತಿದ್ರು.”

“ಈಗೆಲ್ಲಿ ಏಳ್ತಾನೆ? ಸುಮ್ನೆ ಹೆಚ್ಚು.”

ಅವಳು ಹೆಚ್ಚಿದಳು. ಅಳುವೂ ಬರಲಿಲ್ಲ. ಕಾಗೆಗಿಡುವ ಎಡೆಯನ್ನು ಅತ್ತೆ ಯಾರ ಕೈಗೂ ಕೊಡದೆ, ತಾವೇ ಬಡಿಸಿಕೊಂಡು ತಾರಸಿಗೆ ಒಯ್ದರು.

“ಕಾಗೆ ಮುಟ್ತಾ ಅತ್ತೆ?”

“ಇಟ್ಟ ತಕ್ಷಣ ಮುಟ್ತು. ಅವನದು ಯಾವಾಗ್ಲೂ ಅವಸರ.” ಅತ್ತೆ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡರು.

ಅವಳು ಎಂದಿನಂತೆ ಗಿಡಕ್ಕೆ ನೀರು ಹಾಕಲು ಹೋದಳು. ಹಣ್ಣಿದ್ದ ಜಾಗದಲ್ಲಿ ತೊಟ್ಟು ಮಾತ್ರ ಉಳಿದಿತ್ತು.