ಸದ್ದು ನಿಂತ ರಾಟೆ

ಇದನ್ನು ಓದಿ ಮುಗಿಸಿದ ಮೇಲೆ ನಾನು ಮೊದಲಿಂದ ಇನ್ನೊಮ್ಮೆ ಓದಿದೆ... ನೀವೂ ಓದಿ.

ತುಮಕೂರಿನ ಒಂದು ಹಳೆಯ ಬೀದಿ. ಅಲ್ಲಿ ಗಂಗಣ್ಣ ಎಂಬ ವ್ಯಾಪಾರಿ.

ಮೋಟಾರು, ಗಿರಣಿ, ಬಾವಿಯ ರಾಟೆ... ತಿರುಗುವ ವಸ್ತು ಯಾವುದೇ ಇರಲಿ, ಅದಕ್ಕೆ ಬೇಕಾದ ಬೇರಿಂಗ್, ಗೇರ್, ಗ್ರೀಸ್ ಎಲ್ಲವೂ ಅವರ ಅಂಗಡಿಯಲ್ಲಿ ಸಿಗುತ್ತಿತ್ತು.

ಮಾತಂತೂ ಕೇಳುವುದೇ ಬೇಡ! "ರಾಟೆ ಯಾಕೆ ಬೇಕು ಗೊತ್ತೇನ್ರೀ? ಹಗ್ಗಾನ ಕೆಳಕ್ಕೆ ಎಳೀಬೋದು. ನಮ್ಮ ಮೈಭಾರಾನೇ ಕೊಡ ಎತ್ತುತ್ತೆ. ರಾಟೆ ಇಲ್ದೆ ಎಳೆದ್ರೆ ಸೊಂಟ ಹೋಯ್ತು ಅಂತ್ಲೇ ತಿಳ್ಕೊಳ್ಳಿ!"

ಗಿರಾಕಿ ಕೇಳಿದ್ದು ಒಂದು ನಟ್ಟು... ಸಿಕ್ಕಿದ್ದು ಒಂದು ಭಾಷಣ.

ಅವರ ಮನೆಯ ಹಿಂದಿನ ವಠಾರದಲ್ಲಿ ಸಣ್ಣಮ್ಮಜ್ಜಿ ಇದ್ದರು. ಹೂ ಕಟ್ಟಿ ಮನೆಮನೆಗೆ ಕೊಟ್ಟು ಜೀವನ ಮಾಡುತ್ತಿದ್ದರು.

ಉಳಿದವರಿಗೆಲ್ಲ ನಲ್ಲಿ ಇತ್ತು. ಹಳೆಯ ಬಾವಿ ಅಜ್ಜಿ ಒಬ್ಬರಿಗೇ. ಪೂಜೆಯ ಹೊತ್ತಿಗೆ ಹೂ ಮುಟ್ಟಿಸಬೇಕಲ್ಲ... ಬೆಳಕು ಹರಿಯುವ ಮುಂಚೆಯೇ ನೀರು ಸೇದಲು ಬರುತ್ತಿದ್ದರು.

ಕಿರ್... ಕಿರ್... ಕಿರ್...

ಗಂಗಣ್ಣನವರ ನಿದ್ದೆ ಅಲ್ಲಿಗೆ ಮುಗಿಯುತ್ತಿತ್ತು.

ಒಂದು ದಿನ ತಡೆಯಲಾಗದೆ ಹಿತ್ತಲ ಬಾಗಿಲು ತೆರೆದು ಕೂಗಿಯೇ ಬಿಟ್ಟರು.

"ಏನಜ್ಜಿ ಇದು! ಬೇರೆಯೋರು ಮಲಗೋದು ಬೇಡ್ವಾ? ನಾಳೆಯಿಂದ ಆ ರಾಟೆ ಸದ್ದು ನನ್ನ ಕಿವಿಗೆ ಬೀಳಬಾರದು!"

ಅಜ್ಜಿ ಏನೋ ಹೇಳಲು ಬಾಯಿ ತೆರೆದರು... ಅಷ್ಟರಲ್ಲಿ ಗಂಗಣ್ಣ ದಢಾರನೆ ಬಾಗಿಲು ಹಾಕಿಕೊಂಡಿದ್ದರು.

ಮರುದಿನ ಸದ್ದಿಲ್ಲ. ಆಮೇಲೂ ಇಲ್ಲ.

"ನೋಡಿದ್ಯಾ? ಒಂದ್ಸಲ ಗಟ್ಟಿಯಾಗಿ ಹೇಳಿದ್ರೆ ಎಲ್ಲ ಸರಿಹೋಗುತ್ತೆ" ಎಂದು ಹೆಂಡತಿಯ ಮುಂದೆ ಬೀಗಿದರು.

ಕೆಲವು ವಾರ ಕಳೆಯಿತು. ಒಂದು ಬೆಳಿಗ್ಗೆ ಹೆಂಡತಿಯೇ ಹೇಳಿದರು. "ರೀ, ಸಣ್ಣಮ್ಮಜ್ಜಿ ಹೂ ಕೊಡೋಕೆ ಬರ್ತಾನೇ ಇಲ್ಲ. ಏನಾಗಿದೆಯೋ ಒಂದ್ಸಲ ನೋಡ್ಕೊಂಡು ಬನ್ನಿ."

ಗೊಣಗುತ್ತಲೇ ಹೋದ ಗಂಗಣ್ಣ ಬಾವಿಯ ಬಳಿ ನಿಂತುಬಿಟ್ಟರು.

ಬಾವಿಯ ಮೇಲಿನ ಅಡ್ಡಕಂಬಿಯಲ್ಲಿ ರಾಟೆಯೇ ಇರಲಿಲ್ಲ...

ಅಜ್ಜಿ ಬಾವಿಕಟ್ಟೆಗೆ ಹೊಟ್ಟೆ ಆನಿಸಿ, ಬಗ್ಗಿ, ತುಂಬಿದ ಕೊಡವನ್ನು ಮೇಲಕ್ಕೆ ಎಳೆಯುತ್ತಿದ್ದರು. ಎರಡೂ ಅಂಗೈಗೆ ಹಳೆ ಸೀರೆಯ ಬಟ್ಟೆ ಸುತ್ತಿತ್ತು. ಬಟ್ಟೆಯ ಮೇಲೆ ರಕ್ತದ ಕಲೆ.

ಗಂಗಣ್ಣನವರನ್ನು ಕಂಡು ಅಜ್ಜಿ ಗಾಬರಿಯಾದರು.

"ಕೊಡ ಕಟ್ಟೆಗೆ ತಾಗ್ತೇನಪ್ಪಾ? ಎಚ್ಚರ ಆಗೋಯ್ತಾ? ಮೆಲ್ಲಗೇ ಎತ್ತುತಿದ್ನಲ್ಲ..."

ಗಂಗಣ್ಣ ಖಾಲಿ ಅಡ್ಡಕಂಬಿಯತ್ತ ಕೈ ತೋರಿಸಿದರು. "ಅಜ್ಜಿ... ರಾಟೆ ಎಲ್ಲಿ?"

"ಬಿಚ್ಚಿಸಿಬಿಟ್ಟೆ ಕಣಪ್ಪಾ. ಹರಳೆಣ್ಣೆ ಬಿಟ್ಟು ನೋಡ್ದೆ, ಸದ್ದು ನಿಲ್ಲಲಿಲ್ಲ. ಒಳಗಿನ ಕಂಬಿನೇ ಸವೆದೋಗಿತ್ತು. ನಿಮ್ಮಂಗಡೀಲಿ ಬೇರೇದು ಸಿಕ್ತದೇನೋ ಅಂತ ಅವತ್ತೇ ಕೇಳಾನ ಅಂದ್ಕೊಂಡೆ... ನೀವು ಕ್ವಾಪದಲ್ಲಿದ್ರಿ."

ಗಂಗಣ್ಣನವರ ಅಂಗಡಿಯ ಗೂಡಿನ ತುಂಬ ಹೊಸ ರಾಟೆಗಳೇ ಧೂಳು ತಿನ್ನುತ್ತಾ ಬಿದ್ದಿದ್ದವು...

"ಮತ್ತೆ... ಹೂ?"

ಅಜ್ಜಿ ಬಟ್ಟೆ ಬಿಚ್ಚಿ ಅಂಗೈ ತೋರಿಸಿದರು. ಚರ್ಮ ಕಿತ್ತುಹೋಗಿತ್ತು. "ಬೆರಳು ಮಡಿಸೋಕೇ ಆಗಲ್ಲ ಕಣಪ್ಪಾ. ನಾರು ಎಳೆದ್ರೆ ಉರೀತದೆ."

ಆ ಬೆರಳು ಹೂ ಕಟ್ಟದಿದ್ದರೆ ಆ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಒಂದು ಬೆಳಗಿನ ನಿದ್ದೆಗಾಗಿ ಒಂದು ಜೀವದ ಅನ್ನವನ್ನೇ ಕಿತ್ತುಕೊಂಡೆನಲ್ಲಾ ಎಂದು ಗಂಗಣ್ಣ ತಮ್ಮನ್ನೇ ಶಪಿಸಿಕೊಂಡರು.

ಓಡಿಹೋಗಿ ಅಂಗಡಿಯ ಬಾಗಿಲು ತೆಗೆದರು. ಬೇರಿಂಗ್ ಇರುವ ಹೊಸ ರಾಟೆ ತಂದು ತಾವೇ ಕಟ್ಟಿದರು. ಮೊದಲ ಕೊಡವನ್ನು ತಾವೇ ಸೇದಿದರು.

ಅಜ್ಜಿ ಮಗುವಿನಂತೆ ನಕ್ಕರು.

"ಏನ್ ಚೆಂದಾಗಿ ತಿರುಗ್ತದಪ್ಪಾ, ಒಂಚೂರೂ ಸದ್ದಿಲ್ಲ! ಇನ್ನು ನೀವು ನೆಮ್ಮದಿಯಾಗಿ ಮಲಕ್ಕಳಿ..."

ಬೈಗುಳವನ್ನಾದರೂ ತಡೆದುಕೊಳ್ಳಬಹುದಿತ್ತು. ಗಂಗಣ್ಣ ಬಾವಿಕಟ್ಟೆ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತರು.

~~~

ಸದ್ದು ನಿಲ್ಲಿಸು ಎಂದು ಗದರುವ ಮುಂಚೆ, ಅದು ಯಾಕೆ ಬರುತ್ತಿದೆ ಎಂದು ಒಂದು ಮಾತು ಕೇಳೋಣ.

ನೀವು ಗದರಿದ ಮೇಲೆ ಸುಮ್ಮನಾದವರು ಯಾರಾದರೂ ಇದ್ದಾರಾ? ಅವರೀಗ ಹೇಗಿದ್ದಾರೆ ಎಂದು ಒಮ್ಮೆಯಾದರೂ ಹೋಗಿ ನೋಡಿದ್ದೀರಾ...?